ಸೇನಾ ನೆಲೆಯಲ್ಲಿ ಕಟ್ಟಡ, ಪರಿಸರ, ಇಂಧನ: ಮೊದಲ ಅರ್ಜಿಯಿಂದ ಬೀಗದ ಕೈ ಒಪ್ಪಿಸುವವರೆಗೆ

ಅಮೆರಿಕದ ಒಂದು ಸೇನಾ ನೆಲೆಯಲ್ಲಿ ಹೊಸ ಬ್ಯಾರಕ್ ಬೇಕು ಅಂತ ಕಮಾಂಡರ್ ಇವತ್ತು ಕೇಳಿದರು ಎಂದುಕೊಳ್ಳಿ. ಸೈನಿಕರು ಅದರಲ್ಲಿ ಮಲಗುವ ಹೊತ್ತಿಗೆ ಐದಾರು ವರ್ಷ ಕಳೆದುಹೋಗಿರುತ್ತದೆ. ಕೇಳಿದ ಕಮಾಂಡರ್ ವರ್ಗವಾಗಿರುತ್ತಾರೆ, ಅವರ ಜಾಗಕ್ಕೆ ಬಂದವರೂ ಹೊರಟಿರಬಹುದು. ಇಷ್ಟೊಂದು ಸಮಯ ಕಾಂಕ್ರೀಟ್‌ಗೆ ಬೇಕಾಗುವುದಿಲ್ಲ. ಕಟ್ಟುವ ಕೆಲಸ ಸಾಮಾನ್ಯವಾಗಿ ಎರಡು ವರ್ಷದ್ದು. ಉಳಿದದ್ದೆಲ್ಲ ಕಾಗದ, ಕಾಯ್ದೆ ಮತ್ತು ಹಣ ಮಂಜೂರಾಗುವ ಕ್ಯಾಲೆಂಡರ್‌ಗೆ ಹೋಗುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಕಾಲಿಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ಡಿಸೈನ್ ಸಂಸ್ಥೆ ಸೇರಿದ ಸಿವಿಲ್ ಎಂಜಿನಿಯರ್ ಇರಬಹುದು, ಪರಿಸರ ಸಮೀಕ್ಷೆ ಮಾಡುವವರಿರಬಹುದು, ಗುತ್ತಿಗೆದಾರರ ಕಡೆಯ ಪ್ರಾಜೆಕ್ಟ್ ಮ್ಯಾನೇಜರ್ ಇರಬಹುದು. ನಾನು ಒತ್ತಿ ಹೇಳುವುದು ಒಂದೇ ಮಾತು. ಕಟ್ಟಡ, ಪರಿಸರ, ಇಂಧನ ಈ ಮೂರಕ್ಕೂ ಕಚೇರಿ ಬೇರೆ, ಹಣ ಬೇರೆ, ಕಾನೂನು ಬೇರೆ. ಆದರೆ ನೆಲ ಒಂದೇ. ಮೊದಲ ಅರ್ಜಿ ಬರೆಯುವ ದಿನವೇ ಮೂರೂ ಕಡೆಯವರು ಒಟ್ಟಿಗೆ ಕೂತರೆ ಯೋಜನೆ ಮುಗಿಯುತ್ತದೆ. ಒಬ್ಬರ ಕೆಲಸ ಮುಗಿದ ಮೇಲೆ ಇನ್ನೊಬ್ಬರು ಅಂತ ಹೊರಟರೆ ಪ್ರತಿ ಹಂತದಲ್ಲೂ ಹಿಂದೆ ಬರಬೇಕಾಗುತ್ತದೆ.

ಮೊದಲು ಯಾರು ಯಾರು ಅಂತ ತಿಳಿದುಕೊಳ್ಳಿ

ಭೂಸೇನೆ ಮತ್ತು ವಾಯುಪಡೆಯ ದೊಡ್ಡ ಕಟ್ಟಡಗಳನ್ನು ಹೆಚ್ಚಾಗಿ ಭೂಸೇನೆಯ ಎಂಜಿನಿಯರಿಂಗ್ ವಿಭಾಗವಾದ ಆರ್ಮಿ ಕಾರ್ಪ್ಸ್ ಆಫ್ ಎಂಜಿನಿಯರ್ಸ್ (ಮುಂದೆ ಬರೀ ಕಾರ್ಪ್ಸ್) ಕಟ್ಟಿಸುತ್ತದೆ. ನೌಕಾಪಡೆ ಮತ್ತು ಮರೀನ್ ಪಡೆಗೆ ನೌಕಾಪಡೆಯದೇ ಎಂಜಿನಿಯರಿಂಗ್ ಸಂಸ್ಥೆ ನ್ಯಾವ್‌ಫ್ಯಾಕ್ ಇದೆ. ನೆಲೆಯ ದಿನನಿತ್ಯದ ದುರಸ್ತಿ, ನೀರು, ಕರೆಂಟು ನೋಡಿಕೊಳ್ಳುವುದು ಅಲ್ಲಿನ ಪಬ್ಲಿಕ್ ವರ್ಕ್ಸ್ ಕಚೇರಿ. ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಕಾರ್ಪ್ಸ್‌ನ ವಿಶೇಷ ಕೇಂದ್ರ ಒಂದಿದೆ. ಇಂಧನ ಒಪ್ಪಂದಗಳು, ಹಳೆಯ ಸ್ಫೋಟಕಗಳ ತೆರವು ಇಂಥ ವಿಷಯದಲ್ಲಿ ದೇಶದ ಎಲ್ಲ ಕಡೆಗೂ ಅವರು ನೆರವಾಗುತ್ತಾರೆ.

ಅಂದರೆ ಕಟ್ಟಡ ಬಳಸುವವರು ಒಬ್ಬರು, ಕಟ್ಟಿಸುವವರು ಇನ್ನೊಬ್ಬರು, ಮುಂದೆ ಐವತ್ತು ವರ್ಷ ಅದನ್ನು ಸಂಭಾಳಿಸುವವರು ಮತ್ತೊಬ್ಬರು. ಈ ಮೂರನೆಯವರ ಮಾತನ್ನು ಸಭೆಗಳಲ್ಲಿ ಕೇಳುವವರು ಕಡಿಮೆ. ನೀವು ಕೇಳಿ. ಎಸಿಗೆ ನೀರು ತಣಿಸುವ ಯಾವ ಚಿಲ್ಲರ್ ಪದೇ ಪದೇ ಕೆಡುತ್ತದೆ, ಯಾವ ರಸ್ತೆಯಡಿ ನಕ್ಷೆಯಲ್ಲಿಲ್ಲದ ಪೈಪಿದೆ ಅನ್ನುವುದು ಗೊತ್ತಿರುವುದು ಅವರಿಗೇ.

ಯಾವ ಹಣ ಯಾವುದಕ್ಕೆ

ಇಲ್ಲಿ ತಪ್ಪಿದರೆ ಬರೀ ಮುಜುಗರದಲ್ಲಿ ಮುಗಿಯುವುದಿಲ್ಲ, ಕಾನೂನು ಮುರಿದಂತಾಗುತ್ತದೆ. ಹೊಸ ಕಟ್ಟಡ, ದೊಡ್ಡ ವಿಸ್ತರಣೆ ಇವುಗಳಿಗೆ ಮಿಲ್‌ಕಾನ್ ಅಂತ ಕರೆಯುವ ಸೇನಾ ನಿರ್ಮಾಣ ಹಣ. ಇದರಲ್ಲಿ ಒಂದೊಂದು ಯೋಜನೆಗೂ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಹೆಸರು ಹಿಡಿದು ಒಪ್ಪಿಗೆ ಕೊಡಬೇಕು. ದುರಸ್ತಿ ಮತ್ತು ನಿರ್ವಹಣೆಗೆ ಬೇರೆ ಹಣ. ಒಂದು ಮಿತಿಯ ಒಳಗಿನ ಚಿಕ್ಕ ನಿರ್ಮಾಣಕ್ಕೆ ಇನ್ನೊಂದು ದಾರಿ ಇದೆ. ಆ ಮಿತಿಯನ್ನು ಕಾಂಗ್ರೆಸ್ ಆಗಾಗ ಏರಿಸುತ್ತದೆ, ಹಾಗಾಗಿ ಹಳೆಯ ಫೈಲಿನಲ್ಲಿರುವ ಅಂಕಿ ನಂಬಬೇಡಿ. ಆ ವರ್ಷದ ಕಾನೂನು ತೆಗೆದು ನೋಡಿ.

ಸೋರುವ ಚಾವಣಿ ಬದಲಿಸುವುದು ದುರಸ್ತಿ. ಅದೇ ನೆಪದಲ್ಲಿ ಮೇಲೊಂದು ಮಹಡಿ ಸೇರಿಸಿದರೆ ಅದು ನಿರ್ಮಾಣ. ದೊಡ್ಡ ಯೋಜನೆಯನ್ನು ಎರಡು ಮೂರು ತುಂಡು ಮಾಡಿ ಚಿಕ್ಕ ನಿರ್ಮಾಣದ ಮಿತಿಯೊಳಗೆ ತೂರಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ಮಾಡಬೇಡಿ. ಒಂದು ಯೋಜನೆ ಅಂದರೆ ಪೂರ್ತಿಯಾಗಿ ಬಳಸಲು ಬರುವ ಕಟ್ಟಡ ಎನ್ನುವುದು ಅಲ್ಲಿನ ನಿಯಮ. ಮಂಜೂರಾದ ಉದ್ದೇಶ, ಮೊತ್ತ ಮೀರಿ ಖರ್ಚಾದರೆ ಆ್ಯಂಟಿ ಡೆಫಿಷಿಯೆನ್ಸಿ ಕಾಯ್ದೆ ಉಲ್ಲಂಘನೆ ಆಗಬಹುದು. ಸಂದೇಹ ಬಂದ ಕ್ಷಣ ಲೆಕ್ಕದವರನ್ನೂ ವಕೀಲರನ್ನೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕ್ಯಾಲೆಂಡರ್ ಹಿಂದಿನಿಂದ ಎಣಿಸಿ

ಅಮೆರಿಕದ ಸರ್ಕಾರಿ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಅಧ್ಯಕ್ಷರ ಬಜೆಟ್ ಅದಕ್ಕೂ ಮೊದಲಿನ ಫೆಬ್ರವರಿಯ ಮೊದಲ ಸೋಮವಾರದೊಳಗೆ ಕಾಂಗ್ರೆಸ್‌ಗೆ ಹೋಗಬೇಕು. ಯೋಜನೆ ಆ ಬಜೆಟ್ಟಿನಲ್ಲಿ ಇರಬೇಕಾದರೆ ಸಾಮಾನ್ಯವಾಗಿ ಅಷ್ಟರಲ್ಲಿ ಡಿಸೈನ್ ಶೇ. 35ರಷ್ಟಾದರೂ ಆಗಿರಬೇಕೆಂದು ನಿರೀಕ್ಷಿಸುತ್ತಾರೆ. ಅದಕ್ಕೂ ಮುಂಚೆ ನೆಲೆಯ ಆದ್ಯತಾ ಪಟ್ಟಿ, ಮೇಲಿನ ಕಮಾಂಡ್‌ನ ಪಟ್ಟಿ, ಪೆಂಟಗನ್ನಿನ ಪಟ್ಟಿ ಎಲ್ಲ ದಾಟಿ ಬರಬೇಕು. ಹೀಗೆ ಹಿಂದಕ್ಕೆ ಎಣಿಸುತ್ತಾ ಹೋದರೆ ಮೊದಲ ಅರ್ಜಿ ಯಾವಾಗ ಬರೆಯಬೇಕಿತ್ತು ಅನ್ನುವುದು ಗೊತ್ತಾಗುತ್ತದೆ. ಬಹಳ ಸಲ ಉತ್ತರ ‘ಹೋದ ವರ್ಷ’ ಅಂತಲೇ ಬರುತ್ತದೆ.

ಕಾಂಗ್ರೆಸ್ಸಿನಲ್ಲೂ ಎರಡು ಕಾನೂನು ಬೇಕು. ರಕ್ಷಣಾ ಅಧಿಕಾರ ಕಾಯ್ದೆ ‘ಈ ಯೋಜನೆ ಮಾಡಬಹುದು’ ಅನ್ನುತ್ತದೆ. ಸೇನಾ ನಿರ್ಮಾಣಕ್ಕೆ ಹಣ ಕೊಡುವ ಮಸೂದೆ ಬೇರೆ. ಒಂದು ಬಂದು ಇನ್ನೊಂದು ಬರದಿದ್ದರೆ ಕೆಲಸ ಶುರು ಮಾಡುವಂತಿಲ್ಲ. ಬಜೆಟ್ ಸಕಾಲಕ್ಕೆ ಪಾಸಾಗದೆ ತಾತ್ಕಾಲಿಕ ಹಣದ ಮೇಲೆ ಸರ್ಕಾರ ನಡೆಯುವಾಗ ಸಾಮಾನ್ಯವಾಗಿ ಹೊಸ ಯೋಜನೆ ಆರಂಭಿಸಲು ಬಿಡುವುದಿಲ್ಲ. ಇದು ಈಗ ಹೆಚ್ಚುಕಡಿಮೆ ಪ್ರತಿವರ್ಷದ ಕಥೆ. ಹಾಗಾಗಿ ಅಕ್ಟೋಬರಿನಲ್ಲೇ ಗುತ್ತಿಗೆ ಕೊಡುತ್ತೇವೆ ಅಂತ ಶೆಡ್ಯೂಲ್ ಹಾಕಬೇಡಿ. ಟೆಂಡರಿನ ಬೆಲೆ ಎಷ್ಟು ದಿನ ಊರ್ಜಿತ ಅನ್ನುವುದನ್ನೂ ಇದನ್ನು ಮನಸ್ಸಲ್ಲಿಟ್ಟುಕೊಂಡೇ ನಿಗದಿ ಮಾಡಿ. ಒಮ್ಮೆ ಬಂದ ಮಿಲ್‌ಕಾನ್ ಹಣವನ್ನು ಗುತ್ತಿಗೆಗೆ ಕಟ್ಟಲು ಐದು ವರ್ಷ ಅವಕಾಶ ಇದೆ. ಕೇಳಲು ಜಾಸ್ತಿ ಅನ್ನಿಸುತ್ತದೆ, ಆದರೆ ಯೋಜನೆಗೆ ಸಿಕ್ಕ ಅಧಿಕಾರದ ಅವಧಿ ಅದಕ್ಕಿಂತ ಬೇಗ ಮುಗಿಯಬಹುದು. ಎರಡು ದಿನಾಂಕಗಳನ್ನೂ ಬರೆದಿಟ್ಟುಕೊಳ್ಳಿ.

1391: ಎಲ್ಲ ನಿರ್ಧಾರವಾಗುವ ಕಾಗದ

ನಾನು ಇಲ್ಲಿಯವರೆಗೆ ಮೊದಲ ಅರ್ಜಿ ಅಂದದ್ದು ರಕ್ಷಣಾ ಇಲಾಖೆಯ ಡಿಡಿ ಫಾರ್ಮ್ 1391 ಅನ್ನು. ನೋಡಲು ಕೆಲವೇ ಪುಟ. ಆದರೆ ಕಟ್ಟಡದ ಗಾತ್ರ, ಜಾಗ, ಒಟ್ಟು ಖರ್ಚು, ಯಾಕೆ ಬೇಕು, ಸಿಗದಿದ್ದರೆ ಏನಾಗುತ್ತದೆ, ಎಲ್ಲವೂ ಇದರಲ್ಲೇ. ಕಾಂಗ್ರೆಸ್ಸಿನ ಸಿಬ್ಬಂದಿ ಓದುವುದು ಇದನ್ನು. ಮುಂದೆ ಡಿಸೈನರ್ ಕೈ ಕಟ್ಟಿಹಾಕುವುದೂ ಇದೇ.

ಇದನ್ನು ಕಚೇರಿಯಲ್ಲಿ ಕೂತು ಹಳೆಯ ಫಾರ್ಮಿನಿಂದ ನಕಲು ಮಾಡಿ ಬರೆಯುವ ರೂಢಿ ಇದೆ. ನನ್ನ ಪ್ರಕಾರ ಯೋಜನೆ ಹಾಳಾಗುವುದು ಅಲ್ಲೇ. ಅದರ ಬದಲು ಎಲ್ಲರನ್ನೂ ಕೆಲವು ದಿನ ಒಂದೆಡೆ ಸೇರಿಸಿ. ಪ್ಲ್ಯಾನಿಂಗ್ ಶರೆಟ್ ಅಂತ ಕರೆಯುವ ಈ ಕಾರ್ಯಾಗಾರಕ್ಕೆ ಬಳಸುವವರು, ಪಬ್ಲಿಕ್ ವರ್ಕ್ಸ್, ಅಗ್ನಿಶಾಮಕದವರು, ಪರಿಸರ ಕಚೇರಿ, ಇಂಧನ ಮ್ಯಾನೇಜರ್, ಭದ್ರತೆ, ಸಂಪರ್ಕ ಜಾಲದವರು ಎಲ್ಲರೂ ಬರಬೇಕು. ಮೊದಲ ದಿನವೇ ಜಾಗಕ್ಕೆ ನಡೆದುಕೊಂಡು ಹೋಗಿ. ಕಾರಿನೊಳಗಿಂದ ನೋಡಿದರೆ ಜೌಗು ಕಾಣುವುದಿಲ್ಲ, ಮುಚ್ಚಿದ ಮ್ಯಾನ್‌ಹೋಲ್ ಕಾಣುವುದಿಲ್ಲ.

ಖರ್ಚಿನ ಭಾಗದಲ್ಲಿ ಮುಖ್ಯ ಕಟ್ಟಡದ ಲೆಕ್ಕ ತಪ್ಪುವುದು ಅಪರೂಪ. ಅದಕ್ಕೆ ರಕ್ಷಣಾ ಇಲಾಖೆಯ ಚದರ ಅಡಿ ದರಗಳಿವೆ, ಒಂದೊಂದು ಪ್ರದೇಶಕ್ಕೂ ಗುಣಿಸಬೇಕಾದ ಅಂಶವಿದೆ. ಜಾಸ್ತಿ ತಪ್ಪುವುದು ಪೂರಕ ಕೆಲಸಗಳಲ್ಲಿ: ಕರೆಂಟಿನ ಲೈನು ಎಷ್ಟು ದೂರದಿಂದ ತರಬೇಕು, ಒಳಚರಂಡಿಗೆ ಪಂಪ್ ಬೇಕಾ, ಮಳೆನೀರು ಎಲ್ಲಿಗೆ ಹೋಗಬೇಕು, ಹಳೆಯ ಕಟ್ಟಡ ಕೆಡವಿದರೆ ಆಸ್‌ಬೆಸ್ಟಾಸ್ ತೆಗೆಯಲು ಎಷ್ಟು. ಇದರ ಮೇಲೆ ಅನಿರೀಕ್ಷಿತ ಖರ್ಚಿಗೆ ಶೇ. 5, ಮೇಲ್ವಿಚಾರಣೆ ಮತ್ತು ತಪಾಸಣೆಗೆ ಅಮೆರಿಕದೊಳಗಿನ ಯೋಜನೆಗಳಲ್ಲಿ ಬಹುಕಾಲದಿಂದ ಶೇ. 5.7 ಸೇರಿಸುವ ಪದ್ಧತಿ. ಆ ಶೇ. 5 ನಿಜವಾಗಿಯೂ ಕಡಿಮೆ. ಮಣ್ಣು ಪರೀಕ್ಷೆ ಮಾಡಿಸದೆ ಅದನ್ನೇ ನಂಬಿ ಕೂರಬೇಡಿ.

‘ಸಿಗದಿದ್ದರೆ ಏನಾಗುತ್ತದೆ’ ಅನ್ನುವ ಕಡೆ ಸುಮ್ನೆ ‘ಕಾರ್ಯಕ್ಷಮತೆ ಕುಗ್ಗುತ್ತದೆ’ ಅಂತ ಬರೆದರೆ ಯಾರ ಮನಸ್ಸಿಗೂ ತಟ್ಟುವುದಿಲ್ಲ. ಯಾವ ಘಟಕ, ಯಾವ ಕೆಲಸ, ಈಗ ಅದನ್ನು ಎಲ್ಲಿ ಮಾಡುತ್ತಿದ್ದಾರೆ, ಎಷ್ಟು ಗಂಟೆ ವ್ಯರ್ಥವಾಗುತ್ತಿದೆ ಅಂತ ಬರೆಯಿರಿ. ಮೊತ್ತವನ್ನು ಬೇಕಂತಲೇ ಕಡಿಮೆ ತೋರಿಸಿ ಪಟ್ಟಿಗೆ ಸೇರಿಸುವುದೂ ಬೇಡ. ಮಂಜೂರಾದ ಮೊತ್ತಕ್ಕಿಂತ ಖರ್ಚು ಶೇ. 25 ಮೀರುವಂತಾದರೆ, ಕೆಲವು ಸಲ ಅದಕ್ಕೂ ಮೊದಲೇ, ವಿಷಯ ಕಾಂಗ್ರೆಸ್ ಮುಂದೆ ಹೋಗುತ್ತದೆ. ಅಷ್ಟರಲ್ಲಿ ಕೋಣೆಗಳು ಕಡಿಮೆಯಾಗುತ್ತವೆ, ಇಲ್ಲವೇ ವರ್ಷಗಳು ಜಾರುತ್ತವೆ.

ಪರಿಸರದ ಕೆಲಸ ಡಿಸೈನ್ ಜೊತೆಗೇ ನಡೆಯಬೇಕು

ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ, ಅಂದರೆ ನೇಪಾ, 1970ರ ಜನವರಿ 1ರಂದು ಜಾರಿಗೆ ಬಂತು. ಅದರಡಿ ಮೂರು ದಾರಿಗಳಿವೆ. ಪರಿಣಾಮ ಇಲ್ಲವೆಂದು ಮೊದಲೇ ಗುರುತಿಸಿದ ವರ್ಗದ ಕೆಲಸವಾದರೆ ಚಿಕ್ಕ ದಾಖಲೆ ಸಾಕು. ಸಂದೇಹವಿದ್ದರೆ ಪರಿಸರ ಅಂದಾಜು ವರದಿ. ದೊಡ್ಡ ಪರಿಣಾಮ ಖಚಿತವಿದ್ದರೆ ಪೂರ್ಣ ಪರಿಸರ ಪರಿಣಾಮ ವರದಿ. 2023ರಲ್ಲಿ ಕಾಂಗ್ರೆಸ್ ಇವಕ್ಕೆ ಗಡುವು ಹಾಕಿತು: ಅಂದಾಜು ವರದಿಗೆ ಒಂದು ವರ್ಷ, 75 ಪುಟ. ಪೂರ್ಣ ವರದಿಗೆ ಎರಡು ವರ್ಷ, 150 ಪುಟ, ತೀರಾ ಜಟಿಲವಾದರೆ 300. ನೇಪಾ ನಿಯಮಗಳು ಈಚೆಗೆ ಬಹಳ ಬದಲಾಗಿವೆ, ಆದ್ದರಿಂದ ಇಲಾಖೆಯ ಈಗಿನ ಕಾರ್ಯವಿಧಾನವನ್ನೇ ಹಿಡಿಯಿರಿ.

ಗಡುವು ಹಾಕಿದ ಮಾತ್ರಕ್ಕೆ ಹಕ್ಕಿಗಳು ಬೇಗ ಗೂಡು ಕಟ್ಟುವುದಿಲ್ಲ. ಅಪಾಯದಲ್ಲಿರುವ ಜೀವಿಗಳ ಸಮೀಕ್ಷೆಗೆ ಋತು ಇದೆ. ಕೆಲವು ಬಾವಲಿಗಳು ಬೇಸಿಗೆಯಲ್ಲಿ ಮರಗಳಲ್ಲಿ ವಾಸಿಸುವುದರಿಂದ ಅಂಥ ಜಾಗದಲ್ಲಿ ಮರ ಕಡಿಯಲು ಚಳಿಗಾಲ ಮಾತ್ರ ಸಿಗುತ್ತದೆ. ಆ ಅವಧಿ ತಪ್ಪಿದರೆ ಗುತ್ತಿಗೆದಾರ ತಿಂಗಳುಗಟ್ಟಲೆ ಕಾಯುತ್ತಾನೆ, ಕಾದದ್ದಕ್ಕೂ ದುಡ್ಡು ಕೇಳುತ್ತಾನೆ. ಆದ್ದರಿಂದ ಸಮೀಕ್ಷೆಯ ಋತುಗಳನ್ನು ಮಾಸ್ಟರ್ ಶೆಡ್ಯೂಲಿನಲ್ಲಿ ಮೊದಲು ಹಾಕಿ. ಉಳಿದದ್ದನ್ನು ಅದರ ಸುತ್ತ ಹೊಂದಿಸಿ. ಜೌಗು ಪ್ರದೇಶ ತುಂಬಿಸಬೇಕಾದರೆ ಶುದ್ಧ ನೀರು ಕಾಯ್ದೆಯ 404ನೇ ಸೆಕ್ಷನ್ ಪ್ರಕಾರ ಪರವಾನಗಿ, ಹಳೆಯ ಕಟ್ಟಡ ಅಥವಾ ಪುರಾತತ್ವದ ಜಾಗವಿದ್ದರೆ 1966ರ ಪಾರಂಪರಿಕ ರಕ್ಷಣಾ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ರಾಜ್ಯದ ಅಧಿಕಾರಿಗಳ ಜೊತೆ, ಮೂಲನಿವಾಸಿ ಬುಡಕಟ್ಟುಗಳ ಜೊತೆ ಸಮಾಲೋಚನೆ. ಇವನ್ನು ಕಾಟಾಚಾರಕ್ಕೆ ಮಾಡಬೇಡಿ. ಬುಡಕಟ್ಟಿನವರಿಗೆ ಆ ನೆಲದಲ್ಲಿ ಪೂರ್ವಿಕರ ಸಮಾಧಿ ಇರಬಹುದು.

ಪರಿಸರ ನಿಯಮ ಸೇನೆಗೆ ಬರೀ ಅಡ್ಡಿ ಅನ್ನುವ ಮಾತು ಕೇಳಿಬರುತ್ತದೆ. ನಾರ್ತ್ ಕ್ಯಾರೊಲಿನಾದ ಫೋರ್ಟ್ ಬ್ರಾಗ್ ನೋಡಿ. 1990ರ ದಶಕದಲ್ಲಿ ರೆಡ್-ಕಾಕೇಡೆಡ್ ಎಂಬ ಪುಟ್ಟ ಮರಕುಟಿಗವೊಂದರ ರಕ್ಷಣೆಗಾಗಿ ಅಲ್ಲಿ ತರಬೇತಿಗೆ ನಿರ್ಬಂಧ ಬಿತ್ತು. ಜಗಳ ಮುಂದುವರಿಸುವ ಬದಲು ನೆಲೆಯವರು ಸುತ್ತಲಿನ ಭೂಮಾಲೀಕರ ಜೊತೆ, ಸಂರಕ್ಷಣಾ ಸಂಸ್ಥೆಗಳ ಜೊತೆ ಸೇರಿ ಉದ್ದಸೂಜಿ ಪೈನ್ ಕಾಡು ಉಳಿಸಿದರು, ಹದವಾಗಿ ಬೆಂಕಿ ಹಾಕಿ ಪೊದೆ ತೆಗೆದರು. 2006ರ ಹೊತ್ತಿಗೆ ಅಲ್ಲಿ ಹಕ್ಕಿಯ ಚೇತರಿಕೆಯ ಗುರಿ ಮುಟ್ಟಿತು, ತರಬೇತಿಯ ನಿರ್ಬಂಧಗಳೂ ಸಡಿಲವಾದವು. ನನಗೆ ಈ ಉದಾಹರಣೆ ಬಹಳ ಇಷ್ಟ. ಕಾಡಿಗೂ ಸೈನಿಕನಿಗೂ ಒಟ್ಟಿಗೆ ಒಳ್ಳೆಯದಾಯಿತು.

ಇನ್ನು ನೆಲದೊಳಗಿನ ಹಳೆಯ ಮಾಲಿನ್ಯ. ಮರೀನ್ ಪಡೆಯ ಕ್ಯಾಂಪ್ ಲೆಜೂನ್‌ನಲ್ಲಿ 1953ರಿಂದ 1987ರವರೆಗೆ ಕುಡಿಯುವ ನೀರಿನಲ್ಲಿ ದ್ರಾವಕ ರಾಸಾಯನಿಕಗಳು ಬೆರೆತಿದ್ದವು. ಅಲ್ಲಿ ಬದುಕಿದ ಕುಟುಂಬಗಳು ಇವತ್ತಿಗೂ ಅದರ ನೋವು ಉಣ್ಣುತ್ತಿವೆ. ಹವಾಯಿಯ ರೆಡ್ ಹಿಲ್‌ನಲ್ಲಿ 1940ರ ದಶಕದ 20 ದೈತ್ಯ ಇಂಧನ ಟ್ಯಾಂಕುಗಳು ಅಂತರ್ಜಲಕ್ಕಿಂತ ಸುಮಾರು 100 ಅಡಿ ಮೇಲಷ್ಟೇ ಇದ್ದವು. 2021ರ ನವೆಂಬರ್‌ನಲ್ಲಿ ಅಲ್ಲಿನ ಇಂಧನ ಸೋರಿ ಮನೆಗಳ ನಲ್ಲಿಗೆ ಬಂತು. 2022ರ ಮಾರ್ಚ್‌ನಲ್ಲಿ ಅದನ್ನು ಮುಚ್ಚುವ ಆದೇಶವಾಯಿತು. ಪರಿಸರದ ಫೈಲು ಕೈಗೆ ಬಂದಾಗ ಅದನ್ನು ಕುಡಿಯುವ ನೀರಿನ ಫೈಲು ಅಂತಲೇ ಓದಿ.

ಸ್ವಚ್ಛತೆಯ ಕೆಲಸಕ್ಕೆ 1980ರ ಸೂಪರ್‌ಫಂಡ್ ಕಾಯ್ದೆ ಮತ್ತು 1986ರಲ್ಲಿ ಬಂದ ರಕ್ಷಣಾ ಪರಿಸರ ಪುನಃಸ್ಥಾಪನಾ ಕಾರ್ಯಕ್ರಮ ಆಧಾರ. ಹಂತಗಳು ಇವು: ಪ್ರಾಥಮಿಕ ಪರಿಶೀಲನೆ, ವಿವರವಾದ ತನಿಖೆ, ಪರಿಹಾರಗಳ ಹೋಲಿಕೆ, ಜನರ ಅಭಿಪ್ರಾಯ, ನಿರ್ಧಾರದ ದಾಖಲೆ, ಆಮೇಲೆ ಕೆಲಸ. ಮಾಲಿನ್ಯ ಪೂರ್ತಿ ಹೋಗದಿದ್ದರೆ ಐದು ವರ್ಷಕ್ಕೊಮ್ಮೆ ಮರುಪರಿಶೀಲನೆ. ಸೇನೆ ಹಿಂದೆಯೇ ಬಿಟ್ಟುಹೋದ ಜಾಗಗಳನ್ನು ಕಾರ್ಪ್ಸ್ ನೋಡಿಕೊಳ್ಳುತ್ತದೆ. ನಿಮ್ಮ ಹೊಸ ಕಟ್ಟಡ ಇಂಥ ಜಾಗದ ಪಕ್ಕದಲ್ಲಿದ್ದರೆ ಒಂದು ವಿಷಯ ಗಮನಿಸಿ. ವಿಮಾನದ ಬೆಂಕಿ ಆರಿಸಲು ಬಳಸಿದ ನೊರೆಯಿಂದ ಪಿಫಾಸ್ ರಾಸಾಯನಿಕಗಳು ಅನೇಕ ನೆಲೆಗಳ ಅಂತರ್ಜಲ ಸೇರಿವೆ. 2024ರ ಏಪ್ರಿಲ್‌ನಲ್ಲಿ ಪರಿಸರ ರಕ್ಷಣಾ ಸಂಸ್ಥೆ ಇವುಗಳಲ್ಲಿ ಎರಡಕ್ಕೆ ಕುಡಿಯುವ ನೀರಿನಲ್ಲಿ ಲಕ್ಷ ಕೋಟಿಯಲ್ಲಿ 4 ಭಾಗ ಎಂಬ ಮಿತಿ ಹಾಕಿತು. ಪಾಯ ತೋಡುವಾಗ ಬರುವ ನೀರನ್ನು ಪಂಪ್ ಮಾಡಿ ಚರಂಡಿಗೆ ಬಿಡುವ ಹಾಗಿಲ್ಲ, ಶುದ್ಧ ಮಾಡಬೇಕು. ತೆಗೆದ ಮಣ್ಣೂ ಎಲ್ಲೆಂದರಲ್ಲಿ ಹಾಕುವಂತಿಲ್ಲ. ಇದರ ಖರ್ಚು 1391ರಲ್ಲಿ ಇಲ್ಲದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಪರಿಸರದವರು ಮೊದಲ ದಿನವೇ ಬೇಕು ಅನ್ನುವುದು.

ಇಂಧನ: ಮೊದಲು ಅಳೆಯಿರಿ, ಆಮೇಲೆ ಕೊಳ್ಳಿರಿ

ನೆಲೆಗಳ ಕರೆಂಟು ಬಹುತೇಕ ಹೊರಗಿನ ನಾಗರಿಕ ಗ್ರಿಡ್‌ನಿಂದ ಬರುತ್ತದೆ. ಬಿರುಗಾಳಿ ಬಂದರೆ, ಯಾರಾದರೂ ದಾಳಿ ಮಾಡಿದರೆ ನೆಲೆಯೂ ಕತ್ತಲು. ಅದಕ್ಕಾಗಿ ಈಗ ಕಾನೂನಿನಲ್ಲೇ ಗುರಿ ಇದೆ: 2030ರ ಹಣಕಾಸು ವರ್ಷದ ಕೊನೆಗೆ ಅತಿಮುಖ್ಯ ಕೆಲಸಗಳಿಗೆ ಬೇಕಾದ ಇಂಧನ ವರ್ಷದಲ್ಲಿ ಶೇ. 99.9 ಹೊತ್ತು ಸಿಗಬೇಕು. ಭೂಸೇನೆ ತನ್ನ ಅತಿಮುಖ್ಯ ಕೆಲಸಗಳಿಗೆ ಹೊರಗಿನ ನೆರವಿಲ್ಲದೆ 14 ದಿನ ಇಂಧನ ಮತ್ತು ನೀರು ಇರಬೇಕೆಂಬ ಲೆಕ್ಕ ಇಟ್ಟುಕೊಂಡಿದೆ.

ಇದನ್ನು ಓದಿದ ತಕ್ಷಣ ಎಲ್ಲರೂ ಜನರೇಟರ್ ಅಥವಾ ಸೋಲಾರ್ ಪಟ್ಟಿ ಹಿಡಿಯುತ್ತಾರೆ. ತಡೆಯಿರಿ. ಮೊದಲು ಯಾವ ಕಟ್ಟಡ ನಿಜಕ್ಕೂ ಅತಿಮುಖ್ಯ ಅಂತ ನಿರ್ಧರಿಸಿ. ಎಲ್ಲರೂ ‘ನಮ್ಮದೂ’ ಅನ್ನುತ್ತಾರೆ, ಅಲ್ವಾ? ಇಲ್ಲಿ ಕಮಾಂಡರ್ ಗಟ್ಟಿಯಾಗಿ ನಿಲ್ಲಬೇಕು. ಆಮೇಲೆ ಆ ಕಟ್ಟಡಗಳಿಗೆ ಮೀಟರ್ ಹಾಕಿ ಒಂದು ವರ್ಷದ ಬಳಕೆ ನೋಡಿ. ಬಳಕೆ ತಗ್ಗಿಸಿ: ಹಳೆಯ ದೀಪ, ಸೋರುವ ಹಬೆಯ ಪೈಪು, ಖಾಲಿ ಕಟ್ಟಡದಲ್ಲಿ ರಾತ್ರಿಯಿಡೀ ಓಡುವ ಎಸಿ. ತಗ್ಗಿದ ಬಳಕೆಗೆ ಎಷ್ಟು ಉತ್ಪಾದನೆ ಬೇಕೋ ಅಷ್ಟನ್ನು ಮಾತ್ರ ಹಾಕಿ. ಈ ಕ್ರಮ ತಪ್ಪಿದರೆ ಬೇಡದ ಗಾತ್ರದ ಯಂತ್ರ ಬಂದು ಕೂರುತ್ತದೆ.

ಹಣಕ್ಕೆ ಎರಡು ಮೂರು ದಾರಿ. ಇರ್ಸಿಪ್ ಅನ್ನುವುದು ಮಿಲ್‌ಕಾನ್ ಒಳಗೇ ಇಂಧನ ಯೋಜನೆಗಳಿಗೆ ಮೀಸಲಿಟ್ಟ ಕಾರ್ಯಕ್ರಮ. ಮುಂಗಡ ಹಣವಿಲ್ಲದಿದ್ದರೆ ಇಂಧನ ಉಳಿತಾಯ ಒಪ್ಪಂದ ಇದೆ. ಖಾಸಗಿ ಕಂಪನಿ ತನ್ನ ಖರ್ಚಿನಲ್ಲಿ ಯಂತ್ರ ಹಾಕುತ್ತದೆ, ಬಿಲ್ಲಿನಲ್ಲಿ ಉಳಿತಾಯವಾದ ಹಣದಿಂದ ಗರಿಷ್ಠ 25 ವರ್ಷದವರೆಗೆ ಅದಕ್ಕೆ ಕಂತು ಹೋಗುತ್ತದೆ. ಉಳಿತಾಯಕ್ಕೆ ಕಂಪನಿಯೇ ಗ್ಯಾರಂಟಿ. ಸ್ಥಳೀಯ ವಿದ್ಯುತ್ ಕಂಪನಿಯ ಜೊತೆಗೂ ಇಂಥದೇ ಒಪ್ಪಂದ ಮಾಡಬಹುದು. ಒಳ್ಳೆಯ ದಾರಿಗಳೇ. ಆದರೆ ಉಳಿತಾಯವನ್ನು ಯಾವ ಆಧಾರದ ಮೇಲೆ, ಹೇಗೆ ಅಳೆಯುತ್ತಾರೆ ಎಂಬ ಅಧ್ಯಾಯವನ್ನು ಸಹಿ ಹಾಕುವ ಮೊದಲು ಸಾಲು ಸಾಲು ಓದಿ. ಐದು ವರ್ಷದ ನಂತರ ಕೆಡವಲಿರುವ ಕಟ್ಟಡ ಇಂಥ ಒಪ್ಪಂದದೊಳಗೆ ಸೇರಿದ್ದರೆ, ಇಲ್ಲದ ಕಟ್ಟಡದ ಉಳಿತಾಯಕ್ಕೆ ಕಂತು ಕಟ್ಟುವ ಪರಿಸ್ಥಿತಿ ಬರುತ್ತದೆ. ಕೆಡವುವ ಪಟ್ಟಿ ಇರುವುದು ನಿರ್ಮಾಣ ವಿಭಾಗದಲ್ಲಿ, ಒಪ್ಪಂದ ಇರುವುದು ಇಂಧನ ವಿಭಾಗದಲ್ಲಿ. ಇವರಿಬ್ಬರೂ ಮಾತಾಡಲೇಬೇಕು.

ಕಟ್ಟಿದ್ದು ಕೆಲಸ ಮಾಡುತ್ತದೆಯೇ ಅಂತ ತಿಳಿಯಲು ಕರೆಂಟು ತೆಗೆದು ನೋಡಬೇಕು. ಇದಕ್ಕೆ ಬ್ಲ್ಯಾಕ್ ಸ್ಟಾರ್ಟ್ ಕವಾಯತು ಅನ್ನುತ್ತಾರೆ. 2019ರ ಏಪ್ರಿಲ್‌ನಲ್ಲಿ ಫೋರ್ಟ್ ಬ್ರಾಗ್‌ನಲ್ಲಿ ಮುನ್ಸೂಚನೆ ಕೊಡದೆ ಇಡೀ ನೆಲೆಯ ವಿದ್ಯುತ್ ಕಡಿತ ಮಾಡಿದರು. ಕುಟುಂಬಗಳು ಗಾಬರಿಯಾದವು, ನೆಲೆ ಕ್ಷಮೆ ಕೇಳಬೇಕಾಯಿತು. ಕವಾಯತು ಮಾಡಿ, ಆದರೆ ಮನೆಯಲ್ಲಿ ಆಮ್ಲಜನಕದ ಯಂತ್ರ ಇಟ್ಟುಕೊಂಡವರ ಪಟ್ಟಿ ಮೊದಲು ಕೈಯಲ್ಲಿರಲಿ.

ಡಿಸೈನ್ ಮತ್ತು ಗುತ್ತಿಗೆ

ಡಿಸೈನ್ ಸಂಸ್ಥೆಯನ್ನು ಬೆಲೆ ನೋಡಿ ಆರಿಸುವಂತಿಲ್ಲ. 1972ರ ಬ್ರೂಕ್ಸ್ ಕಾಯ್ದೆ ಪ್ರಕಾರ ಮೊದಲು ಅರ್ಹತೆ, ಆಮೇಲೆ ಬೆಲೆಯ ಮಾತುಕತೆ. ಡಿಸೈನಿಗೆ ಯುನಿಫೈಡ್ ಫೆಸಿಲಿಟೀಸ್ ಕ್ರೈಟೀರಿಯಾ ಎಂಬ ದಾಖಲೆಗಳ ಸರಣಿ ಆಧಾರ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಭದ್ರತೆಯ ಕನಿಷ್ಠ ಮಾನದಂಡ 4-010-01ರಲ್ಲಿದೆ, ಇಂಧನ ಮತ್ತು ಸುಸ್ಥಿರತೆಯದ್ದು 1-200-02ರಲ್ಲಿ. ಈ ಎರಡನ್ನೂ ಜಾಗ ಆರಿಸುವಾಗಲೇ ಓದಿ. ರಸ್ತೆಯಿಂದ ಕಟ್ಟಡ ಎಷ್ಟು ದೂರ ಇರಬೇಕು ಅನ್ನುವುದು ಜಾಗವನ್ನೇ ಬದಲಿಸಬಹುದು.

ಡಿಸೈನ್ ಮತ್ತು ನಿರ್ಮಾಣ ಒಬ್ಬರಿಗೇ ಕೊಡುವುದೋ, ಬೇರೆ ಬೇರೆಯೋ? ಮಾದರಿ ಸಿದ್ಧವಿರುವ ಬ್ಯಾರಕ್, ಗೋದಾಮುಗಳಿಗೆ ಒಬ್ಬರೇ ಆದರೆ ಬೇಗ ಆಗುತ್ತದೆ. ಆಸ್ಪತ್ರೆ, ಪ್ರಯೋಗಾಲಯ, ಹಳೆಯ ಕಟ್ಟಡದ ನವೀಕರಣಕ್ಕೆ ಪೂರ್ತಿ ಡಿಸೈನ್ ಮಾಡಿಸಿ ಟೆಂಡರ್ ಕರೆಯುವುದೇ ಕ್ಷೇಮ ಅನ್ನುವುದು ನನ್ನ ಅಭಿಪ್ರಾಯ.

ಹವಾಮಾನವನ್ನೂ ಮರೆಯಬೇಡಿ. 2018ರ ಅಕ್ಟೋಬರ್ 10ರಂದು ಐದನೇ ದರ್ಜೆಯ ಮೈಕೆಲ್ ಚಂಡಮಾರುತ ಫ್ಲೋರಿಡಾದ ಟಿಂಡಲ್ ವಾಯುನೆಲೆಯನ್ನು ಹೆಚ್ಚುಕಡಿಮೆ ನೆಲಸಮ ಮಾಡಿತು. ಮರುನಿರ್ಮಾಣದಲ್ಲಿ ಗಂಟೆಗೆ 165 ಮೈಲಿ ಗಾಳಿ ತಡೆಯುವ ಲೆಕ್ಕ ಹಿಡಿದರು. 2019ರ ಮಾರ್ಚ್‌ನಲ್ಲಿ ನೆಬ್ರಾಸ್ಕಾದ ಆಫಟ್ ನೆಲೆಯ ಸುಮಾರು ಮೂರನೇ ಒಂದು ಭಾಗ ನೆರೆಯಲ್ಲಿ ಮುಳುಗಿತು. ಜನರೇಟರನ್ನು ನೆಲಮಾಳಿಗೆಯಲ್ಲಿ ಇಡುವ ಡಿಸೈನ್ ಬಂದರೆ ಆಗಲೇ ವಾಪಸ್ ಕಳಿಸಿ.

ಸೈಟಿನಲ್ಲಿ

ಗುಣಮಟ್ಟದ ಹೊಣೆ ಗುತ್ತಿಗೆದಾರನದು, ಅದು ಸರಿಯಾಗಿ ನಡೆಯುತ್ತಿದೆಯೇ ಅಂತ ನೋಡುವುದು ಸರ್ಕಾರದ್ದು. ಪ್ರತಿಯೊಂದು ಕೆಲಸಕ್ಕೂ ಮೂರು ತಪಾಸಣೆ: ಶುರುವಿಗೆ ಮುಂಚೆ, ಮೊದಲ ತುಂಡು ಮುಗಿದಾಗ, ಆಮೇಲೆ ನಿತ್ಯ. ಎರಡನೆಯದನ್ನು ಬಿಡಬೇಡಿ. ಮೊದಲ ಕಿಟಕಿ ಸರಿ ಕೂತರೆ ಉಳಿದ ಇನ್ನೂರು ಕಿಟಕಿಗೂ ಜಗಳವಿರುವುದಿಲ್ಲ. ಸುರಕ್ಷತೆಗೆ ಕಾರ್ಪ್ಸ್‌ನ ಇಎಂ 385-1-1 ಕೈಪಿಡಿ ಕಡ್ಡಾಯ.

ನೆಲದಡಿ ನಕ್ಷೆಯಲ್ಲಿಲ್ಲದ್ದು ಸಿಕ್ಕರೆ, ಅದು ಹಳೆಯ ಟ್ಯಾಂಕ್ ಇರಲಿ, ಮೂಳೆ ಇರಲಿ, ಸಿಡಿಯದ ಗುಂಡಿರಲಿ, ಅಲ್ಲೇ ಕೆಲಸ ನಿಲ್ಲಿಸಿ. ಯಾರಿಗೆ ಮೊದಲು ಫೋನ್ ಮಾಡಬೇಕು ಅನ್ನುವ ಚೀಟಿ ಪ್ರತಿ ಅಗೆಯುವ ಯಂತ್ರದ ಕ್ಯಾಬಿನ್‌ನಲ್ಲೂ ಅಂಟಿಸಿರಲಿ.

ಒಪ್ಪಿಸುವುದು

ಕೆಲಸ ಸುಮಾರು ಶೇ. 80 ಮುಗಿದಾಗ ಒಂದು ಸಭೆ ಕರೆಯಿರಿ. ಏನೇನು ಬಾಕಿ, ಪೀಠೋಪಕರಣ ಯಾವಾಗ, ನೆಟ್‌ವರ್ಕ್ ಯಾರು ಎಳೆಯುತ್ತಾರೆ, ಬೀಗದ ಕೈ ಯಾರಿಗೆ. ಕಟ್ಟಡ ಮುಗಿದು ನೆಟ್‌ವರ್ಕ್ ಇಲ್ಲದೆ ತಿಂಗಳುಗಟ್ಟಲೆ ಖಾಲಿ ಬೀಳುವುದು ನಡೆಯುತ್ತಲೇ ಇರುತ್ತದೆ. ಆಸ್ತಿ ನೆಲೆಯ ಲೆಕ್ಕಕ್ಕೆ ಸೇರುವುದು ಡಿಡಿ ಫಾರ್ಮ್ 1354ರ ಮೂಲಕ. ಅದರಲ್ಲಿ ಒಂದೊಂದು ಟ್ರಾನ್ಸ್‌ಫಾರ್ಮರ್, ಒಂದೊಂದು ಮೀಟರ್ ಕೂಡ ಬರಬೇಕು. ಲೆಕ್ಕದಲ್ಲಿಲ್ಲದ ಯಂತ್ರಕ್ಕೆ ಮುಂದೆ ದುರಸ್ತಿಯ ಹಣ ಬರುವುದಿಲ್ಲ.

ಎಸಿ, ಬಾಯ್ಲರ್, ನಿಯಂತ್ರಣ ವ್ಯವಸ್ಥೆಗಳನ್ನು ಓಡಿಸಿ ಪರೀಕ್ಷಿಸುವಾಗ ಪಬ್ಲಿಕ್ ವರ್ಕ್ಸ್‌ನ ತಂತ್ರಜ್ಞರೇ ಪಕ್ಕದಲ್ಲಿ ನಿಂತಿರಲಿ. ಚಳಿಗಾಲದಲ್ಲಿ ಒಪ್ಪಿಸಿದ ಕಟ್ಟಡದ ತಂಪು ವ್ಯವಸ್ಥೆಯನ್ನು ಬೇಸಿಗೆಯಲ್ಲಿ ಇನ್ನೊಮ್ಮೆ ಪರೀಕ್ಷಿಸುವ ಷರತ್ತು ಗುತ್ತಿಗೆಯಲ್ಲೇ ಬರೆದಿರಬೇಕು. ಒಂದು ವರ್ಷದ ವಾರಂಟಿ ಮುಗಿಯುವ ಮುಂಚೆ, ನಾಲ್ಕನೇ ಮತ್ತು ಒಂಬತ್ತನೇ ತಿಂಗಳಲ್ಲಿ, ಬಳಸುವವರನ್ನು ಕರೆದುಕೊಂಡು ಕೋಣೆ ಕೋಣೆ ನೋಡಿ ಬನ್ನಿ. ಅದೇ ಸುತ್ತಿನಲ್ಲಿ ಎರಡು ಫೈಲು ಜೊತೆಗಿರಲಿ: ಮೀಟರಿನ ಓದುಗಳು ಡಿಸೈನಿನ ಅಂದಾಜಿಗೆ ಹೊಂದುತ್ತವೆಯೇ, ಪರಿಸರ ವರದಿಯಲ್ಲಿ ಮಾತು ಕೊಟ್ಟ ಗಿಡಗಳು, ಮಳೆನೀರಿನ ಕೊಳ, ಬಾವಿಗಳ ತಪಾಸಣೆ ನಿಜಕ್ಕೂ ನಡೆದಿದೆಯೇ. ಹೊಂದದಿದ್ದರೆ ಗುತ್ತಿಗೆದಾರನನ್ನು ಕರೆಸಲು ನಿಮಗೆ ಇನ್ನೂ ಮೂರು ತಿಂಗಳು ಇರುತ್ತದೆ.